ಬಸುರಿಯಲ್ಲಿ ಕೈ ನೋವು ಅಂತ ಹಳೇ ಮಾತ್ರೆ ನುಂಗಬೇಡಿ

ನನಗೆ ಏಳನೇ ತಿಂಗಳಲ್ಲಿ ಶುರುವಾಯಿತು. ನಡುರಾತ್ರಿ ಎಚ್ಚರವಾದರೆ ಬಲಗೈ ಜೋಮು ಹಿಡಿದಿರುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಸೂಜಿ ಚುಚ್ಚಿದ ಹಾಗೆ. ವಿಚಿತ್ರ ಅಂದರೆ ಕಿರುಬೆರಳಿಗೆ ಏನೂ ಆಗಿರಲಿಲ್ಲ. ಎದ್ದು ಕೂತು ಕೈ ಜಾಡಿಸಿದರೆ ಸ್ವಲ್ಪ ಹೊತ್ತು ಆರಾಮ, ಮಲಗಿದರೆ ಮತ್ತೆ ಅದೇ ಕಥೆ. ಬೆಳಿಗ್ಗೆ ಬ್ರಷ್ ಕೈಯಿಂದ ಜಾರಿ ಬೀಳುತ್ತಿತ್ತು.

"ಬಸುರಿಯಲ್ಲಿ ಇದೆಲ್ಲ ಇದ್ದದ್ದೇ" ಅಂದರು ಎಲ್ಲರೂ. ಇಷ್ಟಕ್ಕೆಲ್ಲ ಡಾಕ್ಟರಿಗೆ ಯಾಕೆ ಹೇಳೋದು ಅಂತ ಸುಮ್ನಾದೆ. ಮಣಿಕಟ್ಟಿಗೆ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಂಡೆ, ಜೋಮು ಇನ್ನೂ ಜಾಸ್ತಿಯಾಯಿತು. ಆಮೇಲೆ ಹಿಂದೆ ಯಾವಾಗಲೋ ಬೆನ್ನುನೋವಿಗೆ ತಂದಿಟ್ಟಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನೆನಪಾಯಿತು. ನಾಲ್ಕು ದಿನ ನುಂಗಿದೆ.

ತಪಾಸಣೆಗೆ ಹೋದಾಗ ಮಾತಿನ ಮಧ್ಯೆ ಅದನ್ನು ಹೇಳಿದ್ದಷ್ಟೇ, ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. 20 ವಾರ ದಾಟಿದ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದಂತೆ, ಮಗುವಿನ ಸುತ್ತ ಇರುವ ನೀರು ಕಡಿಮೆಯಾಗಬಹುದಂತೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಬೇಗ ಮುಚ್ಚಿಕೊಳ್ಳುವ ಭಯವೂ ಇದೆ. ತಕ್ಷಣ ಸ್ಕ್ಯಾನ್ ಮಾಡಿಸಿದರು. ನೀರು ಸರಿಯಾಗಿದೆ ಅನ್ನುವವರೆಗೆ ನಾನು ಉಸಿರು ಬಿಗಿಹಿಡಿದುಕೊಂಡೇ ಮಲಗಿದ್ದೆ.

ನನಗಿದ್ದದ್ದು ಕಾರ್ಪಲ್ ಟನಲ್. ಬಸುರಿಯಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದಲ್ವಾ, ಮಣಿಕಟ್ಟಿನ ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುವ ನರ ಅದರಿಂದ ಒತ್ತಿಹೋಗುತ್ತದೆ. ಅಂಥ ಜಾಗಕ್ಕೆ ನಾನು ಮೇಲಿಂದ ಬ್ಯಾಂಡೇಜ್ ಬೇರೆ ಬಿಗಿದಿದ್ದೆ! ನಿದ್ದೆಯಲ್ಲಿ ಕೈ ಮಡಚಿಕೊಂಡರಂತೂ ಕೇಳಲೇಬೇಡಿ. ಕೊನೆಗೆ ಕೆಲಸಕ್ಕೆ ಬಂದದ್ದು ಮಣಿಕಟ್ಟನ್ನು ನೆಟ್ಟಗೆ ಇಡುವ ಒಂದು ಸ್ಪ್ಲಿಂಟ್. ರಾತ್ರಿ ಮಾತ್ರ, ಸಡಿಲವಾಗಿ ಹಾಕಿಕೊಳ್ಳಬೇಕು. ಒಂದು ವಾರದಲ್ಲಿ ನಿದ್ದೆ ವಾಪಸ್ ಬಂತು. ನೋವು ಪೂರ್ತಿ ಹೋದದ್ದು ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲೆ.

ನೋವಿನ ಮುಲಾಮನ್ನೂ ಕೇಳದೆ ಹಚ್ಚಬೇಡಿ, ಅದರಲ್ಲೂ ಡೈಕ್ಲೋಫೆನಾಕ್ ತರಹದ ಔಷಧಿ ಇರಬಹುದು. ಹಾಗಂತ ಡಾಕ್ಟರೇ ಬರೆದುಕೊಟ್ಟಿರುವ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಕೈ, ಮುಖ ಇದ್ದಕ್ಕಿದ್ದಂತೆ ಊದಿಕೊಂಡು, ಜೊತೆಗೆ ಜೋರು ತಲೆನೋವು ಇದ್ದರೆ ಅಥವಾ ಕಣ್ಣು ಮಂಜಾದರೆ ಅದು ಬರೀ ಕೈ ನೋವಲ್ಲ. ಬಿಪಿ ಏರಿರಬಹುದು. ಬೆಳಿಗ್ಗೆ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ.