ದಾವಣಗೆರೆಯಲ್ಲಿ ಫ್ರೆಂಚ್ ವೈನ್ ಸಂಜೆ: ಮಾತಿಗೆ ಫುಲ್ ಮಾರ್ಕ್ಸ್, ಗ್ಲಾಸಿಗೆ ಅರ್ಧ

ದುಡ್ಡು ದಂಡವಾಗಲಿಲ್ಲ. ಆದರೆ ಇನ್ವಿಟೇಶನ್‌ನಲ್ಲಿ ಹಾಕಿದ್ದಕ್ಕೂ ಗ್ಲಾಸಿಗೆ ಬಂದಿದ್ದಕ್ಕೂ ಅಂತರ ಜಾಸ್ತಿ ಇತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿನ ಒಂದು ಹೋಟೆಲಿನವರು ಏಪ್ರಿಲ್‌ನಲ್ಲಿ ಫ್ರಾನ್ಸಿನ ದೊಡ್ಡ ವೈನ್ ಮನೆತನಗಳ ಬಗ್ಗೆ ಒಂದು ಸಂಜೆ ಇಟ್ಟಿದ್ದರು. ಹೋಟೆಲಿನ ಹೆಸರು ಬೇಡ, ಹೋದವರಿಗೆ ಗೊತ್ತಿದೆ. ತಲೆಗೆ 2,400 ರೂಪಾಯಿ. ನಾಲ್ಕು ವೈನ್, ಜೊತೆಗೆ ತಿನ್ನೋಕೆ ಏನಾದರೂ, ಬೆಂಗಳೂರಿನಿಂದ ಬಂದವರೊಬ್ಬರ ಮಾತು. ಕಾರ್ಡಿನ ಮೇಲೆ ಲಾಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ, ಮೂತೋಂ ರಾಥ್‌ಚೈಲ್ಡ್ ಅಂತ ಐದು ಹೆಸರು, ಹಿಂದೆ ಒಂದು ಬಂಗಲೆಯ ಚಿತ್ರ. ಈ ಐದರಲ್ಲಿ ಯಾವುದರ ಒಂದು ಬಾಟಲಿಗೂ ಹತ್ತಾರು ಸಾವಿರ ಕೊಡಬೇಕು. ಇಷ್ಟು ಕಡಿಮೆ ದುಡ್ಡಿಗೆ ಅದನ್ನೇ ಸುರಿಯುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆದರೆ ಐದರಲ್ಲಿ ಒಂದೂ ಇರಲ್ಲ, ಕತೆ ಮಾತ್ರ ಅವರದ್ದು ಅಂತ ಕಾರ್ಡಿನ ಮೂಲೆಯಲ್ಲಾದರೂ ಒಂದು ಸಾಲು ಹಾಕಬಹುದಿತ್ತು ಅಲ್ವಾ?

ಮಾತು ಮಾತ್ರ ಬಹಳ ಚೆನ್ನಾಗಿತ್ತು. ಆ ಐದು ಹೆಸರು ಯಾಕೆ ಅಷ್ಟು ದೊಡ್ಡದಾದವು ಅಂತ ಕೇಳಿದರೆ ಉತ್ತರ 1855ರಲ್ಲಿದೆ. ಆ ವರ್ಷ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು, ಮೂರನೇ ನೆಪೋಲಿಯನ್ ಕಾಲ. ಈ ಐದೂ ಇರುವ ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್‌ಗಳನ್ನು ಅಲ್ಲಿಗೆ ಕಳಿಸುವಾಗ ಜೊತೆಗೊಂದು ಪಟ್ಟಿ ಬೇಕಾಯಿತು. ಮಾಡಿದವರು ಊರಿನ ವೈನ್ ದಲ್ಲಾಳಿಗಳು. ಅದಕ್ಕಾಗಿ ಅವರು ಕೂತು ರುಚಿ ನೋಡಲಿಲ್ಲ. ಯಾವ ತೋಟದ ವೈನ್ ವರ್ಷಾನುಗಟ್ಟಲೆ ಎಷ್ಟಕ್ಕೆ ಮಾರಿದೆ ಅಂತ ಲೆಕ್ಕ ತೆಗೆದು ಐದು ದರ್ಜೆ ಮಾಡಿದರು. ಒಂದನೇ ದರ್ಜೆಗೆ ನಾಲ್ಕೇ ನಾಲ್ಕು: ಲಾಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ. ಮೊದಲ ಮೂರು ಬೋರ್ಡೋದೊಳಗಿನ ಮೆಡಾಕ್ ಅನ್ನೋ ಭಾಗದವು. ಓ-ಬ್ರಿಯೋಂ ಮಾತ್ರ ಬೋರ್ಡೋ ಪಟ್ಟಣದ ಪಕ್ಕದ್ದು, ಅದನ್ನು ಬಿಟ್ಟು ಪಟ್ಟಿ ಮಾಡೋ ಧೈರ್ಯ ಯಾರಿಗೂ ಇರಲಿಲ್ಲ ಅಂತ ಕಾಣುತ್ತದೆ. 1663ರಲ್ಲೇ ಡೈರಿಗೆ ಹೆಸರಾದ ಇಂಗ್ಲಿಷಿನವ ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನಲ್ಲಿ ಅದನ್ನು ಕುಡಿದು ಡೈರಿಯಲ್ಲಿ ಬರೆದುಕೊಂಡಿದ್ದ, ಹೆಸರನ್ನು ತಪ್ಪುತಪ್ಪಾಗಿ.

ಐದನೆಯ ಮೂತೋಂ ಕತೆ ಬೇರೆ. ರಾಥ್‌ಚೈಲ್ಡ್ ಮನೆತನದವರು ಅದನ್ನು ಕೊಂಡಿದ್ದು 1853ರಲ್ಲಿ, ಎರಡೇ ವರ್ಷಕ್ಕೆ ಪಟ್ಟಿ ಬಂತು, ಎರಡನೇ ದರ್ಜೆಗೆ ಬಿತ್ತು. ಮುಂದೆ 1922ರಲ್ಲಿ ಫಿಲಿಪ್ ಅನ್ನೋ ಇಪ್ಪತ್ತು ವರ್ಷದ ಹುಡುಗನ ಕೈಗೆ ತೋಟ ಬಂತು. ಆಗೆಲ್ಲ ತೋಟದವರು ವೈನನ್ನು ಪೀಪಾಯಿಯಲ್ಲೇ ವ್ಯಾಪಾರಿಗಳಿಗೆ ಕೊಟ್ಟುಬಿಡುತ್ತಿದ್ದರು, ಬಾಟಲಿಗೆ ತುಂಬೋದು ಅವರ ಗೋದಾಮಿನಲ್ಲಿ. ಅಲ್ಲಿ ಏನೇನು ಬೆರೆಯುತ್ತಿತ್ತೋ ದೇವರೇ ಬಲ್ಲ. ಇವನು ಅದನ್ನು ನಿಲ್ಲಿಸಿ, 1924ರ ಬೆಳೆಯಿಂದ ಪೂರ್ತಿ ವೈನನ್ನು ತೋಟದಲ್ಲೇ ಬಾಟಲಿ ಮಾಡಿಸಿದ. 1945ರಿಂದ ವರ್ಷಕ್ಕೊಬ್ಬ ಕಲಾವಿದರಿಂದ ಲೇಬಲ್ ಬರೆಸೋಕೆ ಶುರು ಮಾಡಿದ. ಡಾಲಿ, ಶಗಾಲ್, ವಾರ್ಹೋಲ್ ಎಲ್ಲ ಬರೆದಿದ್ದಾರೆ, ಸಂಭಾವನೆ ಅಂದರೆ ವೈನ್ ಪೆಟ್ಟಿಗೆಗಳು. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದ್ದು 2009ರ ಬೆಳೆಯ ಲೇಬಲ್. ದರ್ಜೆಗಾಗಿ ಆ ಫಿಲಿಪ್ ದಶಕಗಟ್ಟಲೆ ಓಡಾಡಿ, 1973ರಲ್ಲಿ ಒಂದನೇ ದರ್ಜೆ ಹಾಕಿಸಿಕೊಂಡೇ ಬಿಟ್ಟ. ಆಗ ಕೃಷಿ ಮಂತ್ರಿಯಾಗಿದ್ದು ಮುಂದೆ ರಾಷ್ಟ್ರಪತಿಯಾದ ಜಾಕ್ ಶಿರಾಕ್. ಆ ವರ್ಷದ ಲೇಬಲ್ಲಿಗೆ ಪಿಕಾಸೋ ಚಿತ್ರ. ಒಂದನೇ ದರ್ಜೆಗೆ ಹಾಗೆ ಬಡ್ತಿ ಸಿಕ್ಕಿದ್ದು ಅದೊಂದಕ್ಕೇ.

ಇಷ್ಟೆಲ್ಲ ಕೇಳಿ ಬಾಯಲ್ಲಿ ನೀರೂರಿದಾಗ ಮೊದಲ ರೆಡ್ ಬಂತು. ಮೆಡಾಕ್‌ನ ಸಾಮಾನ್ಯ ಬಾಟಲಿ. ಗ್ಲಾಸ್ ಹಿಡಿದರೆ ಕೈಗೆ ಬೆಚ್ಚಗೆ ತಾಗಿತು. ಏಪ್ರಿಲ್ ಸಂಜೆ, ಹಾಲ್‌ನಲ್ಲಿ ಒಂದೇ ಎಸಿ, ಬಾಟಲಿಗಳು ಮಧ್ಯಾಹ್ನದಿಂದ ಕಿಟಕಿ ಪಕ್ಕದ ಟೇಬಲ್ ಮೇಲೆ ನಿಂತಿದ್ದವು. ಮೂಗಿಗೆ ದ್ರಾಕ್ಷಿಗಿಂತ ಮೊದಲು ಸ್ಪಿರಿಟ್ ಹೊಡೆಯುತ್ತಿತ್ತು. ಸರ್ವ್ ಮಾಡುವ ಹುಡುಗನನ್ನು ಕರೆದು ಐಸ್ ಬಕೆಟ್ ಕೇಳಿದೆ.

"ಸರ್, ರೆಡ್ ವೈನ್ ರೂಮ್ ಟೆಂಪರೇಚರಲ್ಲೇ ಕೊಡ್ಬೇಕು ಅಂದಿದಾರೆ."

ಪಕ್ಕದಲ್ಲಿದ್ದ ಹಿರಿಯರು ನಗುತ್ತಾ, "ಹೌದಪ್ಪಾ, ಆದ್ರೆ ಇದು ದಾವಣಗೆರೆ ರೂಮು" ಅಂದರು.

ಅವರು ಹೇಳಿದ್ದೇ ಸರಿ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಕಲ್ಲಿನ ಮನೆಗಳಲ್ಲಿ. ಇಂಥ ರೆಡ್‌ಗೆ 16ರಿಂದ 18 ಡಿಗ್ರಿ ಸಾಕು. ಬಕೆಟ್ ಬಂತು, ಬಾಟಲಿಯನ್ನು ಕಾಲು ಗಂಟೆ ಐಸ್ ನೀರಿನಲ್ಲಿ ಇಟ್ಟೆವು, ಅದೇ ವೈನ್ ಬೇರೆಯೇ ಆಯಿತು. ಸ್ಪಿರಿಟ್ ಅಡಗಿತು, ಕರಿ ಹಣ್ಣಿನ ವಾಸನೆ, ನಾಲಿಗೆಯ ಅಂಚಿಗೆ ಎಳೆ ಅಡಿಕೆ ಜಗಿದ ಹಾಗೆ ಒಗರು. ಆ ಒಗರು ಅಲ್ಲಿನ ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿಯ ಗುಣ. ನೀರು ಬೇಗ ಇಳಿದುಹೋಗುವ ಜಲ್ಲಿಕಲ್ಲಿನ ನೆಲದಲ್ಲಿ ಅದು ಚೆನ್ನಾಗಿ ಮಾಗುತ್ತದೆ. ಮೆಡಾಕ್ ಮೊದಲು ಬಹುಪಾಲು ಜೌಗು ನೆಲ, 17ನೇ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ಇಷ್ಟು ತೋಟ ಎದ್ದಿದ್ದು. ನಮ್ಮ ಟೇಬಲ್ ನೋಡಿ ಉಳಿದವರೂ ಐಸ್ ಕೇಳಿದರು. ಹೋಟೆಲಿನಲ್ಲಿ ಇದ್ದಿದ್ದು ಎರಡೇ ಬಕೆಟ್.

ಎರಡನೇ ರೆಡ್ ಬಗ್ಗೆ ನನ್ನ ತಕರಾರು ಇದೆ. ಅಂಥದ್ದೇ ಒಂದು ದೊಡ್ಡ ಮನೆತನದ ಹೆಸರು ದಪ್ಪ ಅಕ್ಷರದಲ್ಲಿ ಇತ್ತು, ಸುರಿಯುವಾಗ ಆ ಹೆಸರನ್ನೇ ಹೇಳಿದರು, ಜನ ಫೋಟೋ ತೆಗೆದುಕೊಂಡರು. ಬಾಟಲಿ ತಿರುಗಿಸಿ ನೋಡಿದರೆ ಊರಿನ ಹೆಸರು ಇರುವ ಜಾಗದಲ್ಲಿ ಬರೀ "ಬೋರ್ಡೋ". ಅಂದರೆ ಬೋರ್ಡೋ ಸೀಮೆಯ ಯಾವ ಮೂಲೆಯ ದ್ರಾಕ್ಷಿಯಾದರೂ ಆಗಬಹುದು. ಲಾಫೀತ್, ಲಾತೂರ್, ಮೂತೋಂ ತೋಟಗಳಿರುವ ಪೋಯಾಕ್ ಊರಿನದಾದರೆ "ಪೋಯಾಕ್" ಅಂತಲೇ ಇರುತ್ತದೆ. ತೋಟದಲ್ಲೇ ತುಂಬಿದ್ದಾದರೆ ಲೇಬಲ್ ಮೇಲೆ "ಮಿಸ್ ಆಂ ಬುತೇಯ್ ಓ ಶಾಟೋ" ಅನ್ನೋ ಸಾಲು ಇರುತ್ತದೆ. ವೈನ್ ಕೆಟ್ಟದ್ದೇನಲ್ಲ, ಮೆತ್ತಗಿತ್ತು, ಊಟಕ್ಕೆ ನಡೆಯುತ್ತದೆ. ಆದರೆ ಅದು ಆ ಮನೆಯವರು ಮಾರುವ ವೈನ್, ಆ ತೋಟದ ವೈನ್ ಅಲ್ಲ. ಮಾತಾಡಿದವರಿಗೆ ಇದು ಚೆನ್ನಾಗಿ ಗೊತ್ತು, ಕೇಳಿದ ಮೇಲೆ ಒಪ್ಪಿಕೊಂಡರು. ಕೇಳದೇ ಇದ್ದವರು ದೊಡ್ಡ ತೋಟದ್ದೇ ಕುಡಿದೆವು ಅಂತ ಮನೆಗೆ ಹೋದರು.

ವೈಟ್ ವೈನ್ ಫ್ರಾನ್ಸಿನ ಇನ್ನೊಂದು ಸೀಮೆ ಬರ್ಗಂಡಿಯದ್ದು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಟ್ಟರು. ರುಚಿಯೇ ಗೊತ್ತಾಗಲಿಲ್ಲ, ಬಿಡಿ. ಅದರ ನೆವದಲ್ಲಿ ಬಂದ ಬರ್ಗಂಡಿ ಕತೆಯೇ ಚೆನ್ನಾಗಿತ್ತು. ಬೋರ್ಡೋದಲ್ಲಿ ದರ್ಜೆ ತೋಟದ ಹೆಸರಿಗೆ, ಪಕ್ಕದ ಜಮೀನು ಕೊಂಡು ಸೇರಿಸಿಕೊಂಡರೂ ದರ್ಜೆ ಹಾಗೇ ಉಳಿಯುತ್ತದೆ. ಲಾಫೀತ್ ಈಗ 100 ಹೆಕ್ಟೇರಿಗೂ ಜಾಸ್ತಿ. ಬರ್ಗಂಡಿಯಲ್ಲಿ ದರ್ಜೆ ನೆಲಕ್ಕೆ, ಯಜಮಾನ ಯಾರೇ ಇರಲಿ. ರೊಮಾನೆ-ಕೋಂಟಿ ತೋಟ ಬರೀ 1.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ ಹತ್ತಿರ. 1760ರಲ್ಲಿ ಕೋಂಟಿಯ ರಾಜಕುಮಾರ ಕೊಂಡ, ಕ್ರಾಂತಿಯಲ್ಲಿ ಸರ್ಕಾರ ಕಿತ್ತುಕೊಂಡಿತು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಹುಳ 19ನೇ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳ ಬೇರು ತಿಂದುಹಾಕಿದಾಗ ಬಹುತೇಕ ಎಲ್ಲರೂ ಅಮೆರಿಕದ ಬೇರಿಗೆ ಕಸಿ ಕಟ್ಟಿದರು. ರೊಮಾನೆ-ಕೋಂಟಿಯವರು ಹಳೇ ಬಳ್ಳಿಯನ್ನೇ ಔಷಧಿ ಹಾಕಿ 1945ರವರೆಗೆ ಉಳಿಸಿಕೊಂಡರು. ಕೊನೆಗೆ ಕಿತ್ತು ಹೊಸದಾಗಿ ನೆಟ್ಟರು, 1946ರಿಂದ 1951ರವರೆಗೆ ಆ ತೋಟದ ವೈನೇ ಇಲ್ಲ.

ಇನ್ನೊಂದು ಕ್ಲೋ ದ ವೂಜೋ. ಸಿಸ್ಟರ್ಸಿಯನ್ ಸನ್ಯಾಸಿಗಳು 12ನೇ ಶತಮಾನದಲ್ಲಿ ಶುರು ಮಾಡಿದ, ಸುತ್ತ ಗೋಡೆ ಇರುವ ಸುಮಾರು 50 ಹೆಕ್ಟೇರ್ ತೋಟ. ಈಗ ಯಜಮಾನರು 80 ಜನ ಹತ್ತಿರ. ಅಲ್ಲಿನ ಕಾನೂನಿನಲ್ಲಿ ಆಸ್ತಿ ಎಲ್ಲ ಮಕ್ಕಳಿಗೂ ಹಂಚಬೇಕು, ತಲೆಮಾರು ಕಳೆದ ಹಾಗೆ ಒಬ್ಬೊಬ್ಬರಿಗೆ ನಾಲ್ಕಾರು ಸಾಲು ಬಳ್ಳಿ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಆಗ ಬಾಯಿಬಿಟ್ಟರು: "ಅಣ್ತಮ್ಮಂದಿರ ಪಾಲು ಅಲ್ಲೂ ಬಿಟ್ಟಿಲ್ಲ ಬಿಡ್ರಿ." ಒಂದೇ ಗೋಡೆಯೊಳಗಿನ ವೈನ್ ಒಬ್ಬೊಬ್ಬರದ್ದು ಒಂದೊಂದು ಥರ ಇರುತ್ತದೆ, ಆದ್ದರಿಂದ ಅಲ್ಲಿ ತೋಟದ ಹೆಸರಿನ ಜೊತೆ ಮಾಡಿದವರ ಹೆಸರನ್ನೂ ನೋಡಿಕೊಳ್ಳಬೇಕು.

ತಿಂಡಿಗೆ ಪ್ಯಾಕೆಟ್ ಚೀಸ್ ತುಂಡು, ಆಮೇಲೆ ಖಾರ ಮಂಡಕ್ಕಿ, ಬಿಸಿ ಮಿರ್ಚಿ. ರೆಡ್ ಜೊತೆ ಮಿರ್ಚಿ ತಿನ್ನಬೇಡಿ, ಒಗರಿಗೆ ಖಾರ ಸೇರಿ ಬಾಯಿ ಉರಿಯುತ್ತದೆ. ಆದರೆ ಕೊನೆಗೆ ಬಂದ ಸೊಟೆರ್ನ್ ಇಡೀ ಸಂಜೆಯನ್ನು ಉಳಿಸಿತು. ಬೋರ್ಡೋದೊಳಗಿನ ಸೊಟೆರ್ನ್ ಸೀಮೆಯ, ಚಿನ್ನದ ಬಣ್ಣದ ಸಿಹಿ ವೈನ್. ಸಿರೋಂ ಅನ್ನೋ ಚಿಕ್ಕ ಹೊಳೆಯ ತಣ್ಣನೆ ನೀರು ಗರೋನ್ ನದಿ ಸೇರುವ ಜಾಗದಲ್ಲಿ ಶರತ್ಕಾಲದ ಬೆಳಗ್ಗೆ ಮಂಜು ಏಳುತ್ತದೆ, ಹಣ್ಣಿಗೆ ಬೂಷ್ಟು ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಕ್ಕುಗಟ್ಟಿ ಸಕ್ಕರೆ ಗಟ್ಟಿಯಾಗುತ್ತದೆ. ಅಂಥ ಹಣ್ಣನ್ನೇ ಆರಿಸಿ ಕೀಳಬೇಕು. ಈ ಸೀಮೆಯ ದೊರೆ ಶಾಟೋ ದಿಕೆಂ, 1855ರಲ್ಲಿ ಸಿಹಿ ವೈನ್‌ಗಳಿಗೆ ಮಾಡಿದ ಬೇರೆ ಪಟ್ಟಿಯಲ್ಲಿ ಅದೊಂದಕ್ಕೇ ಒಂದನೇ ದರ್ಜೆಗಿಂತ ಮೇಲಿನ ಸ್ಥಾನ ಕೊಟ್ಟಿದ್ದರು. ಅಲ್ಲಿ ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್ ಅನ್ನೋದು ಲೆಕ್ಕ. 2012ರಲ್ಲಿ ಹಣ್ಣು ಸರಿ ಬರಲಿಲ್ಲ ಅಂತ ಆ ವರ್ಷ ದಿಕೆಂ ಹೆಸರಿನ ವೈನನ್ನೇ ಹೊರಗೆ ಬಿಡಲಿಲ್ಲ. ನಮಗೆ ಸುರಿದಿದ್ದು ಅದೇ ಸೀಮೆಯ ಕಡಿಮೆ ಬೆಲೆಯದ್ದು, ಸಣ್ಣ ಗ್ಲಾಸಿನಲ್ಲಿ, ಸರಿಯಾಗಿ ತಣ್ಣಗೆ. ಮಿರ್ಚಿ ಕಚ್ಚಿ, ಖಾರ ಏರುವಾಗ ಒಂದು ಗುಟುಕು ಹಾಕಿದೆ. ಜೇನು, ಒಣ ಏಪ್ರಿಕಾಟ್, ಹಿಂದೆ ಹುಳಿ, ಖಾರ ಅಲ್ಲೇ ತಣ್ಣಗಾಯಿತು. ಇದನ್ನು ಯೋಚಿಸಿ ಇಟ್ಟರೋ ಆಕಸ್ಮಿಕವೋ ಗೊತ್ತಿಲ್ಲ, ಯಾರದ್ದಾದರೂ ತಲೆಯಾಗಿದ್ದರೆ ಅವರಿಗೆ ನನ್ನ ನಮಸ್ಕಾರ.

ಹೋಗಬಹುದಾ? ವೈನ್ ಬಗ್ಗೆ ಏನೂ ಗೊತ್ತಿಲ್ಲದವರು ಖಂಡಿತ ಹೋಗಿ, ಮಾತಿಗೇ ಅರ್ಧ ದುಡ್ಡು ವಸೂಲಿ. ಗೊತ್ತಿರುವವರು ಯಾವ್ಯಾವ ಬಾಟಲಿ ಅಂತ ಮೊದಲೇ ಪಟ್ಟಿ ಕೇಳಿ ತರಿಸಿಕೊಳ್ಳಿ. ಕಾರು ಬೇಡ, ಆಟೋದಲ್ಲಿ ಹೋಗಿ. ಮುಂದಿನ ಸಲ ಷಾಂಪೇನ್ ಅಂತೆ. ಐಸ್ ಬಕೆಟ್ ಎಷ್ಟಿವೆ ಅಂತ ಫೋನ್ ಮಾಡಿ ಕೇಳಿಕೊಂಡೇ ನಾನು ದುಡ್ಡು ಕಟ್ಟೋದು.