ಬಿತ್ತನೆ, ಕೊಯ್ಲು: ಯಾವ ವಾಕ್ಯಭಾಗ ಹಿಡಿಯಲಿ?

ಚಳ್ಳಕೆರೆ ಕಡೆಯ ಪ್ರಾರ್ಥನಾ ಕೂಟದಲ್ಲಿ ಬಿತ್ತನೆ-ಕೊಯ್ಲಿನ ಬೈಬಲ್ ಭಾಗ ಬೇಕು; ಪೌಲನ ಪತ್ರಗಳಾದ ಗಲಾತ್ಯ (ಅಧ್ಯಾಯ 6), 2 ಕೊರಿಂಥ (ಅಧ್ಯಾಯ 9), ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಹೇಳಿದ ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ), ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಬೇಗ ಮನಸ್ಸಿಗೆ ಹತ್ತೋದು ಗಲಾತ್ಯ. ಬಿತ್ತಿದ್ದನ್ನೇ ಕೊಯ್ಯೋದು ಅನ್ನೋದನ್ನು ಶೇಂಗಾ ಬೆಳೆಯೋರಿಗೆ ಬಿಡಿಸಿ ಹೇಳಬೇಕಿಲ್ಲ. ಅಪಾಯವೂ ಅಲ್ಲೇ. ಮಳೆ ಕೈಕೊಟ್ಟು, ಬೀಜ ಕೂರಿಗೆ ಸಾಲಲ್ಲೇ ಒಣಗಿದವನು ಎದುರಿಗೆ ಕೂತಿರ್ತಾನೆ. ಅವನಿಗೆ 'ನಿನ್ನ ಪಾಪದ ಫಲ' ಅಂತ ಕೇಳಿಸಿಬಿಡುತ್ತೆ. ಪೌಲ ಹೇಳಿದ್ದು ಮಳೆ-ಬೆಳೆ ಲೆಕ್ಕವಲ್ಲ. ಶರೀರಭಾವಕ್ಕೆ, ಅಂದರೆ ಸ್ವಾರ್ಥದ ಆಸೆಗಳಿಗೆ ಬಿತ್ತೋದು; ಆತ್ಮಕ್ಕೆ, ಅಂದರೆ ದೇವರಾತ್ಮ ನಡೆಸೋ ಬದುಕಿಗೆ ಬಿತ್ತೋದು. ಬೇಸರಪಡಬೇಡಿ ಅನ್ನೋ 9ನೇ ವಚನ ಓದದೆ ನಿಲ್ಲಿಸಬೇಡಿ.

ಕೊರಿಂಥದ್ದು ಕಾಣಿಕೆ ವಿಷಯ, ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೂಡಿಸಿದ ನೆರವು. ಹೆಚ್ಚು ಬಿತ್ತಿದವನು ಹೆಚ್ಚು ಕೊಯ್ತಾನೆ ಅನ್ನೋ ಮಾತು ಅಲ್ಲಿದೆ. ಕೊಟ್ಟಷ್ಟು ಕಾಸು ವಾಪಸ್ ಅಂತ ಎಳೆದರೆ ಚೀಟಿ ವ್ಯವಹಾರ ಆಗಿಬಿಡುತ್ತೆ.

ಮಾರ್ಕನಲ್ಲಿ ಬೀಜ ಒಂದೇ, ದೇವರ ವಾಕ್ಯ. ನೆಲ ನಾಲ್ಕು ಬಗೆ. ಒಳ್ಳೆ ನೆಲದಲ್ಲಿ 30, 60, 100 ಪಟ್ಟು ಫಲ. ಬಂಡೆ ಮೇಲಿನ ತೆಳು ಮಣ್ಣು ದುರ್ಗದವರಿಗೆ ಹೊಸದೇನಲ್ಲ! ಹೊಸಬರು ಹೆಚ್ಚಿದ್ದರೆ, ಬರಗಾಲದ ವರ್ಷವಾದರೆ, ನಾನು ಇದನ್ನೇ ಹಿಡಿಯೋದು. ಭದ್ರಾ ಕಾಲುವೆ ನೀರುಂಡ ದಾವಣಗೆರೆ ಕಡೆ, ಭತ್ತ ಮನೆ ಸೇರಿದ ಮೇಲೆ, ಕೊರಿಂಥ. ದಣಿದ ಸಭಾಸೇವಕರ ಮುಂದೆ ಗಲಾತ್ಯ.