ಕೆನೆಯಲ್ಲಿ ಬೆಂದ ಬಟಾಟೆ: ಪ್ಯಾಕೆಟ್ ಕ್ರೀಮೋ, ಮನೆ ಕೆನೆಯೋ, ಕಾಯಿಹಾಲೋ?

ಮಗಳು ಮೇ ರಜೆಗೆ ಶಿರಸಿಗೆ ಬಂದಾಗ ಕೇಳಿದ್ದು ಒಂದೇ ಅಡುಗೆ. ತೆಳ್ಳಗೆ ಹೆಚ್ಚಿದ ಬಟಾಟೆಯನ್ನು ಕೆನೆಯಲ್ಲಿ ಮುಳುಗಿಸಿ, ಮೇಲ್ಮೈ ಕಂದಾಗುವವರೆಗೆ ಓವನ್‌ನಲ್ಲಿ ಬೇಯಿಸಿದ್ದು. ಫ್ರಾನ್ಸಿನ ಆಗ್ನೇಯ ಭಾಗದ ದೋಫಿನೆ ಸೀಮೆಯ ಅಡುಗೆ ಇದು. ಅಲ್ಲಿನ ಗ್ಯಾಪ್ ಎಂಬ ಊರಿನ ಔತಣದಲ್ಲಿ 1788ರಲ್ಲೇ ಇದನ್ನು ಬಡಿಸಿದ ದಾಖಲೆ ಇದೆ. ಹೆಸರು ಗ್ರಾಟಾನ್ ದೋಫಿನ್ವಾ. ಹಳೆಯ ಕ್ರಮದಲ್ಲಿ ಚೀಸ್ ಇಲ್ಲ. ಬಟಾಟೆ, ಹಾಲು, ಕೆನೆ, ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು, ಜಾಯಿಕಾಯಿ, ಅಷ್ಟೇ. ಜಾಯಿಕಾಯಿ, ಕಾಳುಮೆಣಸು ಎರಡೂ ನಮ್ಮ ಅಡಿಕೆ ತೋಟದಲ್ಲೇ ಇವೆ. ಅಂಗಡಿಯಿಂದ ತರಬೇಕಾದ ವಿಶೇಷ ಸಾಮಾನು ಅಂದರೆ ಕ್ರೀಮ್ ಮಾತ್ರ. ಅದನ್ನೂ ತರಲೇಬೇಕಾ? ಇದೊಂದು ಪ್ರಶ್ನೆಗಾಗಿ ಒಂದೂವರೆ ತಿಂಗಳಲ್ಲಿ ಎಂಟು ಸಲ ಮಾಡಿದೆ. ಪ್ರತಿ ಸಲ ಅರ್ಧ ಕೆಜಿ ಬಟಾಟೆ, ಸುಮಾರು 400 ಮಿಲಿ ಹಾಲು-ಕೆನೆ. ಹೋಳಿನ ದಪ್ಪ 3 ಮಿಲಿಮೀಟರ್. ಬಾಳೆಕಾಯಿ ಚಿಪ್ಸ್ ಮಾಡುವ ಮಣೆಯಲ್ಲಿ ಹೆರೆದರೆ ಎಲ್ಲ ಒಂದೇ ದಪ್ಪ ಬರುತ್ತವೆ.

ಮೊದಲು ಪ್ಯಾಕೆಟ್ ಕ್ರೀಮ್. 25% ಕೊಬ್ಬಿನದು, ಅರ್ಧ ಕ್ರೀಮ್, ಅರ್ಧ ಹಾಲು. ಹಸಿ ಹೋಳುಗಳ ಮೇಲೆ ಸುರಿದು 160 ಡಿಗ್ರಿಯಲ್ಲಿ ಒಂದೂಕಾಲು ಗಂಟೆ ಇಟ್ಟೆ. ನುಣುಪಾಗಿ ಬಂತು, ಒಡೆಯಲಿಲ್ಲ. ಇಂಥ ಹೆಚ್ಚಿನ ಪ್ಯಾಕೆಟ್‌ಗಳಲ್ಲಿ ಒಡೆಯದಂತೆ ಸ್ಟೆಬಿಲೈಸರ್ ಹಾಕಿರುತ್ತಾರೆ. ಆದರೆ ರುಚಿ ಸಪ್ಪೆ. ಜಾಯಿಕಾಯಿ ಬಿಟ್ಟರೆ ಬೇರೆ ಪರಿಮಳವೇ ಇಲ್ಲ. ನಡುವಿನ ಹೋಳುಗಳು ಇನ್ನೂ ಸ್ವಲ್ಪ ಗಟ್ಟಿ ಇದ್ದವು.

ಎರಡನೆಯದು ಮನೆಯ ಕೆನೆ. ಇದು ಗೆಲ್ಲಬೇಕು ಅಂತ ನನಗೆ ಮೊದಲಿಂದಲೂ ಆಸೆ. ನಾಲ್ಕು ದಿನದ ಕೆನೆ ಫ್ರಿಜ್‌ನಲ್ಲಿ ಕೂಡಿಟ್ಟಿದ್ದೆ, ತುಪ್ಪಕ್ಕೆ ಕೂಡಿಡುತ್ತೇವಲ್ಲ, ಹಾಗೆ. ಅದನ್ನೇ ಹಾಲಿಗೆ ಕಲಸಿ ಹಾಕಿದೆ. ಅರ್ಧ ಗಂಟೆಗೆ ಪೂರ್ತಿ ಒಡೆದು, ಬಟಾಟೆಯ ಸುತ್ತ ನೀರು, ಮೇಲೆ ಹರಳು ಹರಳು. ನಾಲ್ಕು ದಿನದ ಕೆನೆಗೆ ಸಣ್ಣ ಹುಳಿ ಬಂದಿರುತ್ತದೆ. ತುಪ್ಪಕ್ಕೆ ಅದು ಒಳ್ಳೆಯದು, ಇಲ್ಲಿ ಅಲ್ಲ. ಹುಳಿಗೆ ಬಿಸಿ ಸೇರಿದರೆ ಹಾಲು ಒಡೆಯಲೇಬೇಕು.

ಮುಂದಿನ ಸಲ ಅದೇ ದಿನದ ಕೆನೆ. ಪಕ್ಕದ ಮನೆಯಿಂದ ಎರಡು ಲೀಟರ್ ಎಮ್ಮೆ ಹಾಲು ತಂದು, ಸಂಜೆ ಕಾಯಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ದಪ್ಪ ಪದರ ಬಂದಿತ್ತು. ಇದು ಕ್ರೀಮ್‌ನಂತೆ ನುಣುಪಲ್ಲ, ಕಾಯಿಸುವಾಗ ಗಟ್ಟಿಯಾದ ಹಾಲಿನ ಪ್ರೋಟೀನ್ ಕೂಡ ಇದರಲ್ಲಿರುತ್ತದೆ. ಹಾಗಾಗಿ ತಣ್ಣನೆ ಹಾಲು ಸೇರಿಸಿ ಮಿಕ್ಸಿಯಲ್ಲಿ ಐದೇ ಸೆಕೆಂಡು ತಿರುಗಿಸಬೇಕು. ಜಾಸ್ತಿ ತಿರುಗಿಸಿದರೆ ಬೆಣ್ಣೆ ಬಂದುಬಿಡುತ್ತದೆ. ಈ ಸಲ ಒಡೆಯಲಿಲ್ಲ. ಕಾಯಿಸಿದ ಹಾಲಿನ ಆ ಪರಿಮಳ ಬಟಾಟೆಯ ಒಳಗೇ ಇಳಿದಿತ್ತು. ಪ್ಯಾಕೆಟ್‌ನಲ್ಲಿ ಇದು ಬರಲೇ ಇಲ್ಲ. ಆದರೂ ರಸ ತೆಳುವಾಗಿತ್ತು.

ತಪ್ಪು ಕೆನೆಯದಲ್ಲ, ನನ್ನದು ಅಂತ ಐದನೇ ಸಲಕ್ಕೆ ಗೊತ್ತಾಯಿತು. ಬಟಾಟೆ ಹೆಚ್ಚಿ ನೀರಿಗೆ ಹಾಕುವುದು ನಮ್ಮ ಕೈಗೆ ಹತ್ತಿದ ರೂಢಿ, ಅಲ್ವಾ? ಹಾಗೆ ಮಾಡಿದರೆ ರಸವನ್ನು ದಪ್ಪ ಮಾಡಬೇಕಾದ ಪಿಷ್ಟವೆಲ್ಲ ಆ ನೀರಿಗೆ ಹೋಗುತ್ತದೆ. ಈ ಸಲ ತೊಳೆಯದೆ, ಹೋಳುಗಳನ್ನು ನೇರವಾಗಿ ಹಾಲಿಗೆ ಹಾಕಿ, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಬೇಯಿಸಿದೆ. ತಳ ಹಿಡಿಯದಂತೆ ಮೆಲ್ಲಗೆ ಕೈಯಾಡಿಸುತ್ತಲೇ ಇರಬೇಕು. ಹಾಲು ತಾನಾಗಿ ಗಂಜಿಯಂತೆ ದಪ್ಪವಾಯಿತು. ಆಮೇಲೆ ಕೆನೆ ಬೆರೆಸಿ, ತಟ್ಟೆಗೆ ಸುರಿದು, 180 ಡಿಗ್ರಿಯಲ್ಲಿ 35 ನಿಮಿಷ. ನಡುವಿನ ಹೋಳೂ ಬೆಣ್ಣೆಯಂತೆ ಬೆಂದಿತ್ತು. ಇದೇ ಕ್ರಮದಲ್ಲಿ ಪ್ಯಾಕೆಟ್ ಕ್ರೀಮನ್ನೂ ಮತ್ತೊಮ್ಮೆ ಮಾಡಿ ನೋಡಿದೆ. ಅದೂ ಎಷ್ಟೋ ಸುಧಾರಿಸಿತು. ಆದರೂ ರುಚಿಯಲ್ಲಿ ಮನೆ ಕೆನೆಯೇ ಮೇಲು. ಬಟಾಟೆ ಸ್ವಲ್ಪ ಹಳೆಯದಾದರೆ ಒಳ್ಳೆಯದು. ಸಿಪ್ಪೆ ಉಜ್ಜಿದರೆ ಏಳುವಂಥ ಹೊಸ ಬಟಾಟೆಯಲ್ಲಿ ರಸ ಅಷ್ಟು ದಪ್ಪ ಬರುವುದಿಲ್ಲ.

ಬೆಣ್ಣೆ, ಮೈದಾ, ಹಾಲಿನ ವೈಟ್ ಸಾಸ್ ಕೂಡ ಒಂದು ಸಲ ಮಾಡಿದೆ. ಎಂದೂ ಒಡೆಯುವುದಿಲ್ಲ, ಖರ್ಚೂ ಕಡಿಮೆ. ಆದರೆ ಬಾಯಿಗೆ ಮೈದಾವೇ ಸಿಗುತ್ತದೆ, ಆರಿದ ಮೇಲೆ ಗಟ್ಟಿ. ಮತ್ತೆ ಮಾಡುವುದಿಲ್ಲ.

ಕಾಯಿಹಾಲಿನ ಮಾತು ಕುಮಟಾದ ನಾದಿನಿಯದು. ನಾನು ಅದನ್ನು ಹಸುವಿನ ಹಾಲಿನಂತೆಯೇ ನಡೆಸಿಕೊಂಡು ಕೆಡಿಸಿದೆ. ಒಂದು ಗಂಟೆ ಬಿಸಿಯಲ್ಲಿದ್ದರೆ ಎಣ್ಣೆ ಬೇರೆ, ನೀರು ಬೇರೆ. ಅವಳ ಕ್ರಮ ಬೇರೆ. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಹೋಳು ಪೂರ್ತಿ ಬೇಯಿಸಬೇಕು. ಮೊದಲ ದಪ್ಪ ಹಾಲಿಗೆ ಒಂದು ಚಮಚ ಅಕ್ಕಿಹಿಟ್ಟು ಕದಡಿ ಕೊನೆಗೆ ಸುರಿದು, ಓವನ್‌ನಲ್ಲಿ 15 ನಿಮಿಷ ಮಾತ್ರ ಇಡಬೇಕು. ಜಾಯಿಕಾಯಿ ಬೇಡ. ಶುಂಠಿ, ಹಸಿಮೆಣಸು, ಮತ್ತೆ ಕುಮಟಾದ ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕಿ ಮಾರುವ ಆ ಸಿಹಿ ಈರುಳ್ಳಿ. ಹಾಲಿನ ಸಕ್ಕರೆ, ಪ್ರೋಟೀನ್ ಇಲ್ಲದ್ದರಿಂದ ಮೇಲೆ ಅಷ್ಟು ಕಂದಾಗುವುದಿಲ್ಲ. ಒಂದು ಹಿಡಿ ಕಾಯಿತುರಿ ಉದುರಿಸಿದರೆ ಅದು ಕೆಂಪಾಗುತ್ತದೆ. ಇದನ್ನು ಗ್ರಾಟಾನ್ ಅನ್ನಲಾರೆ. ಆದರೆ ಅಕ್ಕಿರೊಟ್ಟಿಯ ಜೊತೆ ತಿನ್ನುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಕೆನೆಯದು ರೊಟ್ಟಿಗೆ ಭಾರವಾಗುತ್ತದೆ.

ಜೂನ್ ಮಳೆ ಶುರುವಾದ ಮೇಲೆ ಕೊನೆಯ ಸಲ ಮಾಡಿದೆ, ಮನೆ ಕೆನೆಯದು. ಓವನ್‌ಗೆ ಇಟ್ಟು ಹತ್ತೇ ನಿಮಿಷ, ಕರೆಂಟು ಹೋಯಿತು. “ಕರೆಂಟಿಗೆ ಕಾಯ್ತಾ ಕೂರಡ ತಂಗಿ, ಬಚ್ಚಲ ಒಲೆ ಕೆಂಡ ತಗಂಡು ಬಾ” ಅಂದಳು ಆಯಿ. ದಪ್ಪ ತಳದ ಪಾತ್ರೆಗೆ ಬದಲಾಯಿಸಿ, ಕೆಳಗೆ ನಾಲ್ಕು ಕೆಂಡ, ಮುಚ್ಚಳದ ಮೇಲೆ ಉರಿದ ಕರಟದ ಕೆಂಡ ತುಂಬ. ಕೆಳಗೆ ಕಡಿಮೆ, ಮೇಲೆ ಜಾಸ್ತಿ ಇರಬೇಕು, ಇಲ್ಲದಿದ್ದರೆ ತಳ ಸೀಯುತ್ತದೆ. ಅರ್ಧ ಗಂಟೆಗೆ ಮುಚ್ಚಳ ತೆಗೆದರೆ ಅಂಚೆಲ್ಲ ಕಂದಾಗಿ, ಸಣ್ಣ ಹೊಗೆಯ ವಾಸನೆ ಸೇರಿತ್ತು. ಎಂಟೂ ಸಲದಲ್ಲಿ ಇಷ್ಟು ಒಳ್ಳೆಯ ಮೇಲ್ಪದರ ಓವನ್‌ನಲ್ಲಿ ಬಂದಿರಲಿಲ್ಲ. ಮಗಳು ಅಂಚನ್ನು ಕೆರೆದು ಕೆರೆದು ತಿಂದಳು.

ಯಾವುದೇ ಕ್ರಮದಲ್ಲಿ ಮಾಡಿದರೂ ಇಳಿಸಿದ ಮೇಲೆ 15 ನಿಮಿಷ ಮುಟ್ಟಬೇಡಿ. ಬಿಸಿ ಇರುವಾಗ ಕತ್ತರಿಸಿದರೆ ರಸ ಹರಿದುಹೋಗುತ್ತದೆ. ಸ್ವಲ್ಪ ಆರಿದರೆ ಬರ್ಫಿಯ ಹಾಗೆ ತುಂಡು ತುಂಡಾಗಿ ಏಳುತ್ತದೆ.